ಬಳಕೆದಾರರ ಅನುಭವ ಅಳೆಯುವುದು ಹೇಗೆ? ಐಟಿ ಮಾನಿಟರಿಂಗ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿಯ ಐಟಿ ಸೇವೆಗಳನ್ನು ನೋಡಿಕೊಳ್ಳುವವರು, ಹೆಲ್ಪ್‌ಡೆಸ್ಕ್‌ನವರು, ಅವರ ಮ್ಯಾನೇಜರ್‌ಗಳು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡು ಸಾಲು ಸಾಕು. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಮೊದಲನೆಯದನ್ನು ಮಾತ್ರ ಬಿಡಬೇಡಿ.

ಸರ್ವರ್‌ಗಳ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿದೆ. ಆದರೂ ಜನ ‘ಸಿಸ್ಟಮ್ ಸ್ಲೋ’ ಅಂತಾರೆ. ಯಾರ ಮಾತು ನಂಬಬೇಕು?

ಜನರ ಮಾತು. ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತಿಲ್ಲ, ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತಿದೆ ಅಷ್ಟೇ. ಸಿಪಿಯು ಎಷ್ಟು ಓಡುತ್ತಿದೆ, ಡಿಸ್ಕ್ ತುಂಬಿದೆಯಾ, ಪಿಂಗ್ (ಸರ್ವರ್ ಬದುಕಿದೆ ಅನ್ನುವ ಸಣ್ಣ ಉತ್ತರ) ಬರುತ್ತಿದೆಯಾ ಅಂತ ಕೇಳಿದ್ದೇವೆ. ಒಂದು ಬಿಲ್ ಸೇವ್ ಆಗೋಕೆ ಎಷ್ಟು ಹೊತ್ತು ಕಾಯಬೇಕು ಅಂತ ಕೇಳಿಲ್ಲ. ಐಟಿಯವರು ಇಂಥದ್ದನ್ನು ಕಲ್ಲಂಗಡಿ ರಿಪೋರ್ಟ್ ಅಂತಾರೆ. ಹೊರಗೆ ಹಸಿರು, ಕುಯ್ದರೆ ಒಳಗೆ ಕೆಂಪು.

ನಾನು ಇದನ್ನು ಕಲಿತದ್ದು ಒಂದು ಅಕೌಂಟ್ಸ್ ವಿಭಾಗದಲ್ಲಿ. ಅವತ್ತು ತಿಂಗಳ ಕೊನೆಯ ದಿನ. ಸರ್ವರ್ ಲಾಗ್ ನೋಡಿದರೆ ಬಿಲ್ ಸೇವ್ ಆಗೋಕೆ ಅರ್ಧ ಸೆಕೆಂಡೂ ಬೇಕಿರಲಿಲ್ಲ. ಕಾರಿಡಾರ್‌ನಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದು, ಅಲ್ಲಿ ಕೆಲಸ ಮಾಡುವ ಒಬ್ಬರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವರು ಸೇವ್ ಒತ್ತಿದರು. ಒತ್ತಿದ ಕೂಡಲೇ ಕೈ ಮೌಸ್ ಬಿಟ್ಟು ಸ್ಟೇಪ್ಲರ್ ಕಡೆ ಹೋಯ್ತು. ಮುಂದಿನ ಬಿಲ್ಲಿನ ಹಾಳೆ ಜೋಡಿಸಿ, ಪಿನ್ ಹೊಡೆದು, ಸೀಲ್ ಒತ್ತಿ ತಲೆ ಎತ್ತಿದರು. ಆಗ ಸ್ಕ್ರೀನ್ ಬಂತು. ನನ್ನ ವಾಚಿನಲ್ಲಿ 11 ಸೆಕೆಂಡ್ ಆಗಿತ್ತು.

“ಯಾವಾಗಿಂದ ಹೀಗೆ ಮೇಡಂ?” ಅಂದೆ.

“ತಿಂಗಳ ಕೊನೇಲಿ ಯಾವಾಗ್ಲೂ ಹೀಗೇ ಸರ್. ಅಷ್ಟರಲ್ಲಿ ಒಂದು ಸೀಲ್ ಹೊಡ್ಕೋತೀನಿ.”

ಸರ್ವರ್ ಬೇಗನೇ ಉತ್ತರ ಕೊಡುತ್ತಿತ್ತು. ಆದರೆ ಆ ಉತ್ತರದ ಜೊತೆ ತಿಂಗಳಿನ ಅಷ್ಟೂ ಬಿಲ್ಲುಗಳ ಪಟ್ಟಿ ಬರುತ್ತಿತ್ತು. ಅದನ್ನು ಸ್ಕ್ರೀನ್ ಮೇಲೆ ಮೂಡಿಸೋಕೆ ಅವರ ಹಳೇ ಕಂಪ್ಯೂಟರ್ ಒದ್ದಾಡುತ್ತಿತ್ತು. ಮೊದಲ ವಾರ ಪಟ್ಟಿ ಚಿಕ್ಕದು, ಗೊತ್ತೇ ಆಗುತ್ತಿರಲಿಲ್ಲ. ಕೊನೇ ವಾರ ಪ್ರತಿ ಬಿಲ್ಲಿಗೂ ಕಾಯಬೇಕು. ಇದು ಸರ್ವರ್ ಕೋಣೆಯಲ್ಲಿ ಕೂತು ಯಾವತ್ತೂ ಕಾಣುವ ವಿಷಯವಲ್ಲ. ಬಳಕೆದಾರರ ಕುರ್ಚಿಯಿಂದಲೇ ಅಳೆಯಬೇಕು.

ಹಾಗಾದರೆ ಅಳೆಯಬೇಕಾದ್ದು ಏನನ್ನು?

ಒಂದು ಕೆಲಸವನ್ನು. ಲಾಗಿನ್ ಆಗೋದು, ಗ್ರಾಹಕರ ಹೆಸರು ಹುಡುಕೋದು, ಆರ್ಡರ್ ಹಾಕೋದು, ರಿಪೋರ್ಟ್ ತೆಗೆಯೋದು. ಪ್ರತಿಯೊಂದಕ್ಕೂ ಮೂರು ವಿಷಯ ನೋಡಿ. ಕೆಲಸ ಆಯ್ತಾ? ಎಷ್ಟು ಹೊತ್ತಾಯ್ತು? ಒಂದೇ ಸಲಕ್ಕೆ ಆಯ್ತಾ, ಅಥವಾ ಎರಡು ಮೂರು ಸಲ ಒತ್ತಬೇಕಾಯ್ತಾ?

ಮೂರನೆಯದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಬಟನ್ ಒತ್ತಿ ಏನೂ ಆಗದಿದ್ದರೆ ಮನುಷ್ಯ ಮತ್ತೆ ಒತ್ತುತ್ತಾನೆ. ಕೆಲವು ಅಪ್ಲಿಕೇಶನ್‌ಗಳಲ್ಲಿ ಅದರಿಂದ ಒಂದೇ ಆರ್ಡರ್ ಎರಡು ಸಲ ದಾಖಲಾಗುತ್ತದೆ. ಆಮೇಲೆ ಅದನ್ನು ಹುಡುಕಿ ಅಳಿಸಲು ಇನ್ನೊಬ್ಬರ ಅರ್ಧ ದಿನ ಹೋಗುತ್ತದೆ.

ಎಷ್ಟು ಸೆಕೆಂಡ್ ಆದರೆ ‘ಸ್ಲೋ’ ಅನ್ನಬಹುದು?

ಇದಕ್ಕೆ ಹಳೆಯ, ಇವತ್ತಿಗೂ ನಿಲ್ಲುವ ಮೂರು ಅಂಕಿಗಳಿವೆ. 1968ರಲ್ಲಿ ಐಬಿಎಂನ ರಾಬರ್ಟ್ ಮಿಲ್ಲರ್ ಕಂಪ್ಯೂಟರಿನ ಉತ್ತರಕ್ಕೆ ಮನುಷ್ಯ ಎಷ್ಟು ಕಾಯಬಲ್ಲ ಅಂತ ಬರೆದಿದ್ದರು. 1993ರಲ್ಲಿ ಬಳಕೆದಾರರ ಅನುಭವದ ತಜ್ಞ ಯಾಕೋಬ್ ನೀಲ್ಸನ್ ಅದನ್ನು ಸರಳ ಮಾಡಿ ಹೇಳಿದರು. 0.1 ಸೆಕೆಂಡ್ ಒಳಗೆ ಆದರೆ ಕೂಡಲೇ ಆಯ್ತು ಅನ್ನಿಸುತ್ತದೆ. 1 ಸೆಕೆಂಡ್ ತನಕ ತಡ ಆಗಿದ್ದು ಗೊತ್ತಾಗುತ್ತದೆ, ಆದರೆ ಯೋಚನೆಯ ಎಳೆ ತಪ್ಪುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗಿಬಿಡುತ್ತದೆ. ಮೇಲಿನ ಕಥೆಯಲ್ಲಿ ಕೈ ಸ್ಟೇಪ್ಲರ್ ಕಡೆ ಹೋದದ್ದು ನೆನಪಿದೆಯಲ್ವಾ?

ಆದರೆ ಎಲ್ಲಾ ಕೆಲಸಕ್ಕೂ ಒಂದೇ ಅಳತೆ ಹಾಕಬೇಡಿ. ದಿನಕ್ಕೆ 300 ಸಲ ಒತ್ತುವ ಬಟನ್‌ಗೆ 3 ಸೆಕೆಂಡ್ ಜಾಸ್ತಿ. ತಿಂಗಳಿಗೊಮ್ಮೆ ತೆಗೆಯುವ ರಿಪೋರ್ಟ್‌ಗೆ 30 ಸೆಕೆಂಡ್ ಆದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟಾಗಿದೆ ಅಂತ ಸ್ಕ್ರೀನ್ ಮೇಲೆ ತೋರಿಸುತ್ತಿದ್ದರೆ ಸಾಕು.

ಸಿಂಥೆಟಿಕ್ ಮಾನಿಟರಿಂಗ್, ರಿಯಲ್ ಯೂಸರ್ ಮಾನಿಟರಿಂಗ್ ಅಂತಾರಲ್ಲ, ಎರಡಕ್ಕೂ ಏನು ವ್ಯತ್ಯಾಸ? ಯಾವುದು ಬೇಕು?

ಸಿಂಥೆಟಿಕ್ ಅಂದರೆ ಒಂದು ಸ್ಕ್ರಿಪ್ಟ್ ಮನುಷ್ಯನ ಹಾಗೆ ಕೆಲಸ ಮಾಡುತ್ತದೆ. ಐದು ನಿಮಿಷಕ್ಕೊಮ್ಮೆ ಲಾಗಿನ್ ಆಗಿ, ಏನನ್ನೋ ಹುಡುಕಿ, ಲಾಗೌಟ್ ಆಗಿ, ಎಷ್ಟು ಹೊತ್ತಾಯ್ತು ಅಂತ ಬರೆದಿಡುತ್ತದೆ. ದೊಡ್ಡ ಲಾಭ ಏನೆಂದರೆ ಬೆಳಗಿನ ಜಾವ ಯಾರೂ ಇಲ್ಲದಾಗಲೂ ಓಡುತ್ತದೆ. ರಾತ್ರಿ ಹಾಕಿದ ಅಪ್‌ಡೇಟ್‌ನಿಂದ ಲಾಗಿನ್ ಕೆಟ್ಟಿದ್ದರೆ ಜನ ಬರುವ ಮುಂಚೆ ಗೊತ್ತಾಗುತ್ತದೆ. ಪ್ರತಿಸಲ ಅದೇ ಜಾಗದಿಂದ ಅದೇ ಕೆಲಸ ಮಾಡುವುದರಿಂದ ನಿನ್ನೆಗೂ ಇವತ್ತಿಗೂ ಹೋಲಿಸುವುದು ಸುಲಭ.

ರಿಯಲ್ ಯೂಸರ್ ಮಾನಿಟರಿಂಗ್‌ನಲ್ಲಿ ನಿಜವಾದ ಜನರ ಬ್ರೌಸರೇ ಅಳತೆ ಕಳಿಸುತ್ತದೆ. ಪುಟದಲ್ಲಿ ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ಇರುತ್ತದೆ. ಸರ್ವರ್ ಹೆಸರು ಹುಡುಕಲು, ಕನೆಕ್ಷನ್ ಆಗಲು, ಮೊದಲ ಬೈಟ್ ಬರಲು, ಪುಟ ಮೂಡಲು ಎಷ್ಟೆಷ್ಟು ಹೊತ್ತು ಹಿಡಿಯಿತು ಅಂತ ಅದು ತಿಳಿಸುತ್ತದೆ. ಇದಕ್ಕೆ ಬೇಕಾದ ನ್ಯಾವಿಗೇಶನ್ ಟೈಮಿಂಗ್ ಮಾನದಂಡ 2012ರಲ್ಲೇ ಬಂದಿದೆ, ಬ್ರೌಸರ್‌ಗಳಲ್ಲಿ ಈಗಾಗಲೇ ಇದೆ.

ನನ್ನ ಕೇಳಿದರೆ ಎರಡೂ ಬೇಕು. ಸ್ಕ್ರಿಪ್ಟ್‌ಗೆ ಹಳೇ ಲ್ಯಾಪ್‌ಟಾಪ್ ಇರುವುದಿಲ್ಲ, ವೈ-ಫೈ ಸಿಗ್ನಲ್ ಹೋಗುವುದಿಲ್ಲ, ತಿಂಗಳ ಕೊನೆಯ ಬಿಲ್ಲುಗಳ ರಾಶಿಯೂ ಇರುವುದಿಲ್ಲ. ಇನ್ನು ನಿಜವಾದ ಬಳಕೆದಾರರ ಅಳತೆಯಲ್ಲಿ ಒಂದು ಬಲೆ ಇದೆ. ಸೇವೆ ಪೂರ್ತಿ ಬಿದ್ದುಹೋದರೆ ಅಳತೆ ಕಳಿಸುವವರೇ ಇರುವುದಿಲ್ಲ. ಗ್ರಾಫ್ ಸುಮ್ನೆ ಖಾಲಿ ಆಗುತ್ತದೆ, ಖಾಲಿ ಗ್ರಾಫ್‌ನಲ್ಲಿ ಕೆಂಪು ಇರುವುದಿಲ್ಲ. ಒಂದೇ ಆರಿಸಿಕೊಳ್ಳಬೇಕು ಅಂದರೆ ಮೊದಲು ಸಿಂಥೆಟಿಕ್ ಹಾಕಿ. ಒಂದು ದಿನದಲ್ಲಿ ಎರಡು ಮೂರು ಸ್ಕ್ರಿಪ್ಟ್ ಬರೆಯಬಹುದು.

ಸರಾಸರಿ ನೋಡಿದರೆ ಸಾಕಲ್ವಾ?

ಸಾಲದು. ಈ ಒಂದು ವಿಷಯದಲ್ಲಿ ನಾನು ಸ್ವಲ್ಪ ಹಟವಾದಿ.

100 ಸಲ ಬಟನ್ ಒತ್ತಿದ್ದಾರೆ ಅಂದುಕೊಳ್ಳಿ. 90 ಸಲ 1 ಸೆಕೆಂಡಿನಲ್ಲಿ ಆಯ್ತು, 10 ಸಲ 20 ಸೆಕೆಂಡ್ ಹಿಡಿಯಿತು. ಸರಾಸರಿ ತೆಗೆದರೆ 2.9 ಸೆಕೆಂಡ್. ರಿಪೋರ್ಟ್‌ನಲ್ಲಿ ‘ಸುಮಾರು 3 ಸೆಕೆಂಡ್, ಪರವಾಗಿಲ್ಲ’ ಅಂತ ಹೋಗುತ್ತದೆ. ಆದರೆ 3 ಸೆಕೆಂಡ್ ಅನ್ನುವುದು ಒಬ್ಬರಿಗೂ ಆಗಿಲ್ಲ. ತುಂಬ ಜನರಿಗೆ ಚೆನ್ನಾಗಿತ್ತು, ಕೆಲವರಿಗೆ ಸಹಿಸಲಾಗದಷ್ಟು ಕೆಟ್ಟದಾಗಿತ್ತು. ಆ ಎರಡೂ ಸುದ್ದಿ ಸರಾಸರಿಯಲ್ಲಿ ಕರಗಿಹೋಯ್ತು.

ಅದಕ್ಕೇ ಪರ್ಸೆಂಟೈಲ್ ನೋಡಬೇಕು. ಎಲ್ಲಾ ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ. ನೂರರಲ್ಲಿ 50ನೆಯದು ಸಾಮಾನ್ಯ ಬಳಕೆದಾರರ ಅನುಭವ, 95ನೆಯದು ಕಷ್ಟದಲ್ಲಿರುವವರ ಅನುಭವ. ಮೇಲಿನ ಲೆಕ್ಕದಲ್ಲಿ 50ನೆಯದು 1 ಸೆಕೆಂಡ್, 95ನೆಯದು 20 ಸೆಕೆಂಡ್. ಈಗ ಎಲ್ಲಿ ಏನಾಗುತ್ತಿದೆ ಅಂತ ಕಂಡಿತು.

‘ನೂರರಲ್ಲಿ ಒಂದು ಸಲ ನಿಧಾನ ಆದರೆ ಏನಾಗುತ್ತೆ ಬಿಡಿ’ ಅನ್ನುವವರಿಗೆ ಇನ್ನೊಂದು ಲೆಕ್ಕ. ಒಂದು ಸ್ಕ್ರೀನ್ ತೆರೆಯಲು ಹಿಂದೆ 100 ಬೇರೆ ಬೇರೆ ಕೋರಿಕೆ ಹೋಗುತ್ತವೆ ಅನ್ನಿ. ಪ್ರತಿಯೊಂದೂ ನಿಧಾನ ಆಗುವ ಸಾಧ್ಯತೆ ಶೇ. 1 ಮಾತ್ರ. ಆದರೂ ಆ ಸ್ಕ್ರೀನ್ ತೆರೆದಾಗ ಒಂದಾದರೂ ನಿಧಾನವಾದ ಕೋರಿಕೆ ಸಿಗುವ ಸಾಧ್ಯತೆ ಶೇ. 63. ಸರ್ವರ್ ಕಡೆಯಿಂದ ಅಪರೂಪ ಅನ್ನಿಸಿದ್ದು ಕುರ್ಚಿಯಲ್ಲಿ ಕೂತವರಿಗೆ ದಿನವೂ ಆಗುವ ಕಾಟ.

ಇನ್ನೊಂದು ಎಚ್ಚರಿಕೆ. ಹತ್ತು ಶಾಖೆಗಳ 95ನೇ ಪರ್ಸೆಂಟೈಲ್ ತೆಗೆದು ಅವುಗಳ ಸರಾಸರಿ ಮಾಡಬೇಡಿ. ಆ ಅಂಕಿಗೆ ಅರ್ಥವೇ ಇಲ್ಲ. ಮೂಲ ಅಳತೆಗಳನ್ನು ಒಟ್ಟು ಸೇರಿಸಿ ಹೊಸದಾಗಿ ಲೆಕ್ಕ ಹಾಕಬೇಕು.

ಮೇಲಿನವರಿಗೆ ಒಂದೇ ಅಂಕಿ ಬೇಕಂತೆ. ಏನು ಕೊಡಲಿ?

ಆಪ್‌ಡೆಕ್ಸ್ ಕೊಡಿ, ಅದು ಬಳಕೆದಾರರ ತೃಪ್ತಿಯನ್ನು 0 ಮತ್ತು 1ರ ನಡುವೆ ಹೇಳುವ ಅಂಕ. ಮೊದಲು ಒಂದು ಗುರಿ ಇಟ್ಟುಕೊಳ್ಳಬೇಕು, ಉದಾಹರಣೆಗೆ 2 ಸೆಕೆಂಡ್. ಅದರೊಳಗೆ ಆದದ್ದು ತೃಪ್ತಿ. ಗುರಿಯ ನಾಲ್ಕು ಪಟ್ಟು, ಅಂದರೆ 8 ಸೆಕೆಂಡ್ ತನಕ ಆದದ್ದು ಸಹಿಸಬಹುದಾದ್ದು. ಅದಕ್ಕಿಂತ ಜಾಸ್ತಿ ಆದರೆ ಬೇಸರ. ತೃಪ್ತಿಯ ಸಂಖ್ಯೆಗೆ ಸಹಿಸಿದವರ ಅರ್ಧ ಸೇರಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ. 200ರಲ್ಲಿ 120 ತೃಪ್ತಿ, 50 ಸಹನೆ, 30 ಬೇಸರ ಇದ್ದರೆ 120ಕ್ಕೆ 25 ಸೇರಿಸಿ 145. 200ರಿಂದ ಭಾಗಿಸಿದರೆ 0.725. ಎಲ್ಲರೂ ತೃಪ್ತರಾಗಿದ್ದರೆ 1, ಎಲ್ಲರಿಗೂ ಬೇಸರವಾಗಿದ್ದರೆ 0.

ಗುರಿಯನ್ನು ಯಾರು ಇಟ್ಟರು ಅಂತ ಮಾತ್ರ ಕೇಳಿ. ಗುರಿ 2ರಿಂದ 5 ಸೆಕೆಂಡಿಗೆ ಏರಿಸಿದರೆ ಒಂದು ಸಾಲು ಕೋಡ್ ಬದಲಾಗದೆ ಅಂಕ ಚೆನ್ನಾಗಿ ಕಾಣುತ್ತದೆ. ಗುರಿ ಇಡುವಾಗ ಆ ಕೆಲಸ ಮಾಡುವವರು ಕೋಣೆಯಲ್ಲಿ ಇರಲೇಬೇಕು.

ಕೋರ್ ವೆಬ್ ವೈಟಲ್ಸ್ ನಮ್ಮ ಒಳಗಿನ ಅಪ್ಲಿಕೇಶನ್‌ಗೂ ಹೊಂದುತ್ತದೆಯೇ?

ಬ್ರೌಸರ್‌ನಲ್ಲಿ ಓಡುವುದಾದರೆ ಖಂಡಿತ. ಇವು ವೆಬ್ ಪುಟದ ಅನುಭವ ಅಳೆಯುವ ಮೂರು ಅಳತೆಗಳು, ಗೂಗಲ್ 2020ರಲ್ಲಿ ಪ್ರಕಟಿಸಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಕ್ರೀನ್ ಮೇಲೆ ಏನಾದರೂ ಬದಲಾಗಬೇಕು. ಪುಟ ತಾನಾಗಿಯೇ ಅತ್ತಿತ್ತ ಜಿಗಿಯುವ ಅಳತೆ 0.1 ದಾಟಬಾರದು. ಇವನ್ನು 75ನೇ ಪರ್ಸೆಂಟೈಲ್‌ನಲ್ಲಿ ನೋಡುತ್ತಾರೆ. ಎರಡನೆಯದರ ಹೆಸರು ಐಎನ್‌ಪಿ, ಮೊದಲ ಸಲ ಒತ್ತಿದ್ದನ್ನು ಮಾತ್ರ ಅಳೆಯುತ್ತಿದ್ದ ಹಳೆಯ ಎಫ್‌ಐಡಿ ಜಾಗಕ್ಕೆ 2024ರ ಮಾರ್ಚ್‌ನಲ್ಲಿ ಬಂತು. ದಿನಪೂರ್ತಿ ಒಂದೇ ಟ್ಯಾಬ್ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಐಎನ್‌ಪಿಯೇ ಮುಖ್ಯ. ಅವರು ಪುಟ ಲೋಡ್ ಮಾಡುವುದು ಬೆಳಿಗ್ಗೆ ಒಂದು ಸಲ, ಆಮೇಲೆ ಎಲ್ಲಾ ಒತ್ತುವುದೇ.

ನಮ್ಮ ಸೇವೆ ಶೇ. 99.9 ಲಭ್ಯ ಅಂತ ಒಪ್ಪಂದದಲ್ಲಿದೆ. ಅದು ಸಾಕಾಗುವುದಿಲ್ಲವೇ?

30 ದಿನದ ತಿಂಗಳಲ್ಲಿ ಶೇ. 99.9 ಅಂದರೆ ಸುಮಾರು 43 ನಿಮಿಷ ಬಿದ್ದಿರಬಹುದು. ಆ 43 ನಿಮಿಷ ಭಾನುವಾರ ರಾತ್ರಿ ಬಂದರೆ ಯಾರಿಗೂ ತಿಳಿಯುವುದಿಲ್ಲ. ಸಂಬಳ ಹಾಕುವ ದಿನ ಮಧ್ಯಾಹ್ನ ಬಂದರೆ ಇಡೀ ಆಫೀಸ್ ನಿಲ್ಲುತ್ತದೆ. ಕಾಗದದ ಮೇಲೆ ಎರಡೂ ಒಂದೇ. ಇನ್ನು ಸೇವೆ ಬಿದ್ದಿಲ್ಲ ಆದರೆ ಕುಂಟುತ್ತಿದೆ ಅನ್ನುವ ದಿನಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೇ ಈಗ ಎಸ್‌ಎಲ್‌ಎ (ಸೇವೆಯ ಮಟ್ಟದ ಇಂಥ ಒಪ್ಪಂದ) ಜೊತೆಗೆ ಎಕ್ಸ್‌ಎಲ್‌ಎ ಅಂತ, ಅನುಭವದ ಮಟ್ಟಕ್ಕೂ ಒಪ್ಪಂದ ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಸರಿಯಾದ ದಾರಿ. ಎಸ್‌ಎಲ್‌ಎ ತೆಗೆದುಹಾಕಬೇಡಿ, ಅದರ ಪಕ್ಕದಲ್ಲಿ ಇಡಿ.

ದೂರದ ಶಾಖೆಯವರಿಗೆ ಮಾತ್ರ ಸ್ಲೋ. ಇಂಟರ್ನೆಟ್ ಸ್ಪೀಡ್ ಜಾಸ್ತಿ ಮಾಡಿಸಿದೆವು, ಆದರೂ ಅಷ್ಟೇ. ಯಾಕೆ?

ಯಾಕೆಂದರೆ ತೊಂದರೆ ಪೈಪಿನ ಅಗಲದ್ದಲ್ಲ, ಉದ್ದದ್ದು.

ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರ ಇದ್ದರೆ ಹೋಗಲು 50 ಮಿಲಿಸೆಕೆಂಡ್, ಬರಲು 50. ಒಂದು ಸುತ್ತಿಗೆ 100 ಮಿಲಿಸೆಕೆಂಡ್. ದುಡ್ಡು ಕೊಟ್ಟು ಇದನ್ನು ಕಮ್ಮಿ ಮಾಡಲಾಗುವುದಿಲ್ಲ. ನಿಜವಾದ ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ ಇನ್ನೂ ಜಾಸ್ತಿಯೇ ಆಗುತ್ತದೆ.

ಈಗ ಅಪ್ಲಿಕೇಶನ್ ಹೇಗೆ ಮಾತಾಡುತ್ತದೆ ನೋಡಿ. ಹಳೆಯ ಕಾಲದ ಕೆಲವು ಅಪ್ಲಿಕೇಶನ್‌ಗಳು ಒಂದು ಸ್ಕ್ರೀನ್ ತುಂಬಲು ಡೇಟಾಬೇಸ್ ಹತ್ತಿರ 300 ಸಲ ಹೋಗಿ ಬರುತ್ತವೆ. ಒಂದು ಸಾಲು ಕೇಳು, ಉತ್ತರ ಬರಲಿ, ಮುಂದಿನ ಸಾಲು ಕೇಳು. ಒಂದೇ ಕಟ್ಟಡದಲ್ಲಿ ಒಂದು ಸುತ್ತಿಗೆ 1 ಮಿಲಿಸೆಕೆಂಡ್ ಆದರೆ ಒಟ್ಟು 0.3 ಸೆಕೆಂಡ್, ಯಾರಿಗೂ ತೊಂದರೆ ಆಗುವುದಿಲ್ಲ. 100 ಮಿಲಿಸೆಕೆಂಡ್ ಆದರೆ 30 ಸೆಕೆಂಡ್. ಅದೇ ಕೋಡ್, ಅದೇ ಸರ್ವರ್. ಅಪ್ಲಿಕೇಶನ್ ಬರೆದವರು ತಮ್ಮ ಮೇಜಿನಲ್ಲಿ ಪರೀಕ್ಷೆ ಮಾಡಿ ‘ನಮ್ಮಲ್ಲಿ ಚೆನ್ನಾಗಿದೆ’ ಅಂದರೆ ಅದು ನಿಜವೇ.

ಆ ಶಾಖೆಯಲ್ಲೇ ಒಂದು ಸಿಂಥೆಟಿಕ್ ಪ್ರೋಬ್, ಅಂದರೆ ಆ ಸ್ಕ್ರಿಪ್ಟ್ ಓಡಿಸುವ ಯಂತ್ರ, ಇಡಿ. ಒಂದು ಹಳೇ ಪಿಸಿ ಆದರೂ ಸಾಕು. ಒಟ್ಟು ಸಮಯದ ಜೊತೆ ಎಷ್ಟು ಸುತ್ತು ಹೋಗಿಬಂತು ಅಂತಲೂ ಎಣಿಸಿ. ಸುತ್ತು ಜಾಸ್ತಿ ಇದ್ದರೆ ಎರಡೇ ದಾರಿ. ಕೋಡ್ ಬದಲಿಸಿ ಒಂದೇ ಸಲ ಎಲ್ಲಾ ಕೇಳಬೇಕು, ಇಲ್ಲವೇ ಅಪ್ಲಿಕೇಶನ್ ಡೇಟಾಬೇಸ್ ಪಕ್ಕದಲ್ಲೇ ಓಡಿ ಸ್ಕ್ರೀನ್ ಮಾತ್ರ ದೂರಕ್ಕೆ ಹೋಗುವ ಹಾಗೆ ಮಾಡಬೇಕು.

ವಿಡಿಯೋ ಮೀಟಿಂಗ್, ಇಂಟರ್ನೆಟ್ ಫೋನ್ ಇವಕ್ಕೂ ಇದೇ ಅಳತೆಯೇ?

ಇಲ್ಲ. ಅಲ್ಲಿ ಬೇಕಾದ್ದು ತಡ, ತಡದಲ್ಲಿನ ಏರುಪೇರು, ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು). ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯುವಿನ ಮಾನದಂಡದ ಪ್ರಕಾರ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಒಳ್ಳೆಯದು, 400 ದಾಟಬಾರದು. ತಡ ಜಾಸ್ತಿ ಆದಾಗ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ನಿಲ್ಲಿಸಿ, ‘ನೀವೇ ಹೇಳಿ’ ಅನ್ನುತ್ತಾರಲ್ಲ, ಅದೇ ಲಕ್ಷಣ. ಧ್ವನಿಯ ಗುಣಮಟ್ಟಕ್ಕೆ 1ರಿಂದ 5ರ ತನಕ ಎಂಒಎಸ್ (ಕೇಳುಗರ ಅಭಿಪ್ರಾಯದ ಸರಾಸರಿ) ಅಂಕ ಇದೆ, 5 ಅಂದರೆ ಅತ್ಯುತ್ತಮ.

ತೊಂದರೆ ಬಳಕೆದಾರರ ಲ್ಯಾಪ್‌ಟಾಪ್‌ನದ್ದೇ ಆಗಿದ್ದರೆ?

ತುಂಬ ಸಲ ಅಲ್ಲೇ ಇರುತ್ತದೆ. ಕಂಪ್ಯೂಟರ್ ಆನ್ ಮಾಡಿ ಕೆಲಸ ಶುರು ಮಾಡಲು ಎಷ್ಟು ನಿಮಿಷ, ಯಾವ ಅಪ್ಲಿಕೇಶನ್ ಹ್ಯಾಂಗ್ ಆಗುತ್ತದೆ, ವೈ-ಫೈ ಸಿಗ್ನಲ್ ಎಷ್ಟಿದೆ, ಮೆಮೊರಿಯನ್ನು ಯಾವ ಪ್ರೋಗ್ರಾಂ ತಿನ್ನುತ್ತಿದೆ, ಇವನ್ನು ಒಂದು ಏಜೆಂಟ್ (ಆ ಕಂಪ್ಯೂಟರಿನಲ್ಲೇ ಓಡಿ ಅಳತೆ ಕಳಿಸುವ ಸಣ್ಣ ಪ್ರೋಗ್ರಾಂ) ಹಾಕಿ ನೋಡಬಹುದು. ಆಂಟಿವೈರಸ್ ಸ್ಕ್ಯಾನ್ ಬೆಳಿಗ್ಗೆ ಎಲ್ಲರೂ ಲಾಗಿನ್ ಆಗುವ ಹೊತ್ತಿಗೇ ಓಡುತ್ತಿದೆಯಾ ಅಂತ ಮೊದಲು ನೋಡಿ.

ಇದು ಸಿಬ್ಬಂದಿಯ ಮೇಲೆ ಕಣ್ಣಿಟ್ಟ ಹಾಗೆ ಆಗುವುದಿಲ್ಲವೇ?

ಎಚ್ಚರ ತಪ್ಪಿದರೆ ಆಗುತ್ತದೆ. ಅದಕ್ಕೇ ನಾನು ಮೂರು ವಿಷಯದಲ್ಲಿ ಬಿಗಿ. ಟೈಪ್ ಮಾಡಿದ ಅಕ್ಷರ, ಸ್ಕ್ರೀನ್‌ನ ಚಿತ್ರ, ಫಾರಂನಲ್ಲಿ ತುಂಬಿದ ಮಾಹಿತಿ ಯಾವುದನ್ನೂ ತೆಗೆದುಕೊಳ್ಳಬಾರದು. ಹೆಸರಿನ ಬದಲು ಶಾಖೆ, ಕಂಪ್ಯೂಟರ್ ಮಾದರಿ, ಬ್ರೌಸರ್ ಇಷ್ಟು ಸಾಕು. ಮತ್ತೆ ಏನು ಅಳೆಯುತ್ತಿದ್ದೇವೆ, ಯಾಕೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಅಂತ ಮೊದಲೇ ಎಲ್ಲರಿಗೂ ಹೇಳಬೇಕು. ಯಾರು ಎಷ್ಟು ಬಿಲ್ ಹಾಕಿದರು ಅಂತ ಈ ಮಾಹಿತಿಯಿಂದ ಮ್ಯಾನೇಜರ್ ಕೇಳಿದರೆ ಕೊಡಬೇಡಿ. ಒಂದು ಸಲ ಕೊಟ್ಟರೆ ಮುಂದೆ ಯಾರೂ ನಿಮ್ಮನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುವುದಿಲ್ಲ.

ಹೆಲ್ಪ್‌ಡೆಸ್ಕ್‌ಗೆ ದೂರಿನ ಟಿಕೆಟ್ ಎಷ್ಟು ಬಂತು ಅಂತ ನೋಡಿದರೆ ಸಾಕಲ್ವಾ? ಇಲ್ಲ ವರ್ಷಕ್ಕೊಮ್ಮೆ ಸರ್ವೆ ಮಾಡಿದರೆ?

ಆ ಅಕೌಂಟ್ಸ್ ವಿಭಾಗದಿಂದ ಒಂದು ಟಿಕೆಟ್ ಕೂಡ ಬಂದಿರಲಿಲ್ಲ. ಜನ ಹೊಂದಿಕೊಳ್ಳುತ್ತಾರೆ. ಒಂದೆರಡು ಸಲ ಹೇಳಿ, ಏನೂ ಆಗದಿದ್ದರೆ ಸುಮ್ಮನಾಗುತ್ತಾರೆ. ಟಿಕೆಟ್ ಕಮ್ಮಿ ಆಗಿದೆ ಅಂದರೆ ಎಲ್ಲಾ ಸರಿಹೋಗಿರಬಹುದು, ಅಥವಾ ನಮ್ಮ ಮೇಲೆ ನಂಬಿಕೆ ಹೋಗಿರಬಹುದು.

ವರ್ಷಕ್ಕೊಮ್ಮೆಯ ಸರ್ವೆಯಲ್ಲಿ ಹಿಂದಿನ ವಾರದ ಸಿಟ್ಟು ಮಾತ್ರ ಬರುತ್ತದೆ. ಕೆಲಸ ಮುಗಿದ ಕೂಡಲೇ ಒಂದೇ ಪ್ರಶ್ನೆ ಕೇಳುವುದು ಮೇಲು: ‘ಇದು ಸುಲಭವಾಗಿ ಆಯ್ತಾ?’ ಆ ಉತ್ತರವನ್ನು ಅದೇ ಹೊತ್ತಿನ ಸೆಕೆಂಡಿನ ಅಳತೆ ಪಕ್ಕ ಇಡಿ. ಅಂಕಿ ಚೆನ್ನಾಗಿದ್ದು ಉತ್ತರ ‘ಇಲ್ಲ’ ಅಂತ ಬಂದಿರುವ ಜಾಗಕ್ಕೆ ನೀವೇ ಎದ್ದು ಹೋಗಿ ನೋಡಿ.

ಅಲರ್ಟ್ ಯಾವಾಗ ಹೊಡೆಯಬೇಕು?

ಬಳಕೆದಾರರ ಕೆಲಸ ನಿಂತಾಗ ಅಥವಾ ತುಂಬ ಜನರಿಗೆ ನಿಧಾನ ಆದಾಗ. ಸಿಪಿಯು ಶೇ. 90 ಆಯ್ತು ಅಂತ ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸಬೇಡಿ. ಒಂದು ಸ್ಕ್ರಿಪ್ಟ್ ಒಂದು ಸಲ ಸೋತರೂ ಬೇಡ. ಎರಡು ಜಾಗದಿಂದ, ಸತತ ಎರಡು ಮೂರು ಸಲ ಸೋತರೆ ಹೊಡೆಯಲಿ.

ನಾವು ಬಳಸುವುದು ಕ್ಲೌಡ್ ಸೇವೆ. ಅದು ನಮ್ಮ ಕೈಯಲ್ಲೇ ಇಲ್ಲ. ಅಳೆದು ಏನು ಪ್ರಯೋಜನ?

ಆಗಲೇ ಜಾಸ್ತಿ ಬೇಕು. ಸರ್ವರ್ ಒಳಗೆ ನೋಡಲು ಬಿಡುವುದಿಲ್ಲ, ಹೊರಗಿನ ಅಳತೆ ಒಂದೇ ನಿಮ್ಮ ಹತ್ತಿರ ಇರುವ ಸಾಕ್ಷಿ. ನಿಧಾನ ಆದಾಗ ತೊಂದರೆ ನಿಮ್ಮ ವಿಪಿಎನ್‌ನಲ್ಲಿದೆಯಾ (ಕಂಪನಿಯ ಜಾಲಕ್ಕೆ ಹೋಗುವ ಸುರಕ್ಷಿತ ದಾರಿ), ಇಂಟರ್ನೆಟ್ ಕಂಪನಿಯಲ್ಲಿದೆಯಾ, ಕ್ಲೌಡ್‌ನವರ ಕಡೆ ಇದೆಯಾ ಅಂತ ಬೇರ್ಪಡಿಸಬಹುದು. ವಿಪಿಎನ್ ಮೂಲಕ ಒಂದು, ವಿಪಿಎನ್ ಇಲ್ಲದೆ ಇನ್ನೊಂದು ಪ್ರೋಬ್ ಓಡಿಸಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಬಜೆಟ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಕಂಪನಿಯ ದುಡ್ಡು ಯಾವ ಐದು ಸ್ಕ್ರೀನ್‌ಗಳ ಮೇಲೆ ಓಡುತ್ತದೆ ಅಂತ ಪಟ್ಟಿ ಮಾಡಿ. ಪ್ರತಿಯೊಂದನ್ನೂ ಬಳಸುವ ಒಬ್ಬರ ಪಕ್ಕ, ಅವರ ಒಪ್ಪಿಗೆ ಕೇಳಿ, ಒಂದು ಗಂಟೆ ಕೂರಿ. ಕೆಲಸ ಜಾಸ್ತಿ ಇರುವ ದಿನವೇ ಹೋಗಿ. ಏನೂ ಹೇಳಿಕೊಡಬೇಡಿ, ಸಲಹೆ ಕೊಡಬೇಡಿ. ಅವರು ಒತ್ತಿದ್ದರಿಂದ ಮುಂದಿನ ಕೆಲಸ ಮಾಡಲಾಗುವ ತನಕ ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ. ಆ ಹೊತ್ತಿನಲ್ಲಿ ಅವರ ಕೈ ಏನು ಮಾಡುತ್ತದೆ ಅಂತಲೂ ಬರೆಯಿರಿ.

ಐದು ಸ್ಕ್ರೀನ್ ಮುಗಿದ ಮೇಲೆ ಅತಿ ಕೆಟ್ಟದ್ದಕ್ಕೆ ಒಂದು ಸಿಂಥೆಟಿಕ್ ಸ್ಕ್ರಿಪ್ಟ್ ಬರೆಯಿರಿ. ಬ್ರೌಸರನ್ನು ತಾನಾಗಿ ಓಡಿಸುವ, ಬಿಟ್ಟಿ ಸಿಗುವ ಸೆಲೆನಿಯಂ ಅಥವಾ ಪ್ಲೇರೈಟ್‌ನಲ್ಲಿ ಆಗುತ್ತದೆ. ಎರಡು ವಾರ ಓಡಲಿ. ಆಮೇಲೆ ಆ ಗ್ರಾಫ್ ಪ್ರಿಂಟ್ ತೆಗೆದು, ನೀವು ಪಕ್ಕದಲ್ಲಿ ಕೂತಿದ್ದವರಿಗೇ ಮೊದಲು ತೋರಿಸಿ. ಯಾವ ದಿನ, ಯಾವ ಹೊತ್ತಿನಲ್ಲಿ ಗೆರೆ ಯಾಕೆ ಮೇಲೆ ಹೋಗಿದೆ ಅಂತ ಅವರೇ ಬೆರಳಿಟ್ಟು ಹೇಳುತ್ತಾರೆ.